ಹಳೆಯ ಕಾರಿನ ಸಡಿಲ ಸ್ಟೀರಿಂಗ್: ಆಟ ಎಲ್ಲಿದೆ ಎಂದು ಪತ್ತೆ ಮಾಡಿ ಸರಿಪಡಿಸುವ ಬಗೆ

ಸ್ಟೀರಿಂಗ್ ಸಡಿಲವಾಗಿದೆ ಎಂದು ಹಳೆಯ ಕಾರಿನ ಮಾಲೀಕರು ದೂರುವಾಗ, ಆ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ತೊಂದರೆಗಳಿರಬಹುದು. ಸ್ಟೀರಿಂಗ್ ವೀಲನ್ನು ತಿರುಗಿಸಿದರೂ ಮುಂದಿನ ಚಕ್ರಗಳು ಕದಲದೆ, ಕೈ ಸ್ವಲ್ಪ ದೂರ ಬರಿದೇ ಸರಿದುಹೋಗುವುದು ಮೊದಲನೆಯದು; ಮೆಕ್ಯಾನಿಕ್‌ಗಳು ಆಟ ಅಥವಾ ಪ್ಲೇ ಎನ್ನುವುದು ಇದನ್ನು. ಸ್ಟೀರಿಂಗ್ ಬಿಗಿಯಾಗಿಯೇ ಇದ್ದರೂ ಕಾರು ನೇರ ರಸ್ತೆಯಲ್ಲಿ ತನ್ನ ಪಾಡಿಗೆ ಅತ್ತಿತ್ತ ಸರಿಯುವುದು, ಚಾಲಕ ಗಳಿಗೆಗೊಮ್ಮೆ ತಿದ್ದುತ್ತಲೇ ಇರಬೇಕಾಗುವುದು ಎರಡನೆಯದು. ಮೊದಲನೆಯದಕ್ಕೆ ಕಾರಣ ಸವೆದ ಜಾಯಿಂಟ್, ಬುಷ್ (ಎರಡು ಭಾಗಗಳ ನಡುವೆ ಕೂರುವ ರಬ್ಬರ್ ಅಥವಾ ಲೋಹದ ಬಳೆ) ಅಥವಾ ಗೇರ್‌ಗಳಲ್ಲಿರುತ್ತದೆ. ಎರಡನೆಯದಕ್ಕೆ ಕಾರಣ ಬಹುಪಾಲು ಟೈರ್, ವೀಲ್ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ಬುಷ್‌ಗಳಲ್ಲಿರುತ್ತದೆ. ಹಳೆಯ ಕಾರಿನಲ್ಲಿ ಇವೆರಡೂ ಒಟ್ಟಿಗೆ ಇರುವುದೂ ಉಂಟು. ಆದರೂ ಹುಡುಕುವಾಗ ಇವನ್ನು ಬೇರೆಯಾಗಿಯೇ ನೋಡಬೇಕು.

ಕೆಲಸ ಆರಂಭಿಸುವ ಮೊದಲೇ ಒಂದು ಎಚ್ಚರಿಕೆಯನ್ನು ಹೇಳಿಬಿಡುವುದು ಒಳ್ಳೆಯದು. ಹಲವು ಹಳೆಯ ಕಾರುಗಳಲ್ಲಿ ಕೈಯ ತಿರುಗುವಿಕೆಯನ್ನು ಚಕ್ರಗಳ ಕಡೆಗೆ ಸಾಗಿಸುವ ಗೇರ್ ಪೆಟ್ಟಿಗೆಯಾದ ಸ್ಟೀರಿಂಗ್ ಬಾಕ್ಸ್‌ನ ಮೇಲೆ ಕಣ್ಣಿಗೆ ಹೊಡೆಯುವಂತೆ ಒಂದು ಅಡ್ಜಸ್ಟಿಂಗ್ ಸ್ಕ್ರೂ ಇರುತ್ತದೆ, ಮತ್ತು ಅದನ್ನು ಬಿಗಿ ಮಾಡಿದರೆ ಆಟ ಕೂಡಲೇ ಕಡಿಮೆಯಾದಂತೆ ತೋರುತ್ತದೆ. ಆದ್ದರಿಂದಲೇ ಹೆಚ್ಚಿನವರ ಕೈ ಮೊದಲು ಅಲ್ಲಿಗೆ ಹೋಗುತ್ತದೆ. ಸವೆತ ಚಕ್ರವನ್ನು ತಳ್ಳಿ ಎಳೆಯುವ ಸರಳಾದ ಟೈ ರಾಡ್‌ನಲ್ಲಿದ್ದಾಗ ಬಾಕ್ಸನ್ನು ಬಿಗಿ ಮಾಡುವುದರಿಂದ ಟೈ ರಾಡ್ ಸರಿಹೋಗುವುದಿಲ್ಲ. ಚೆನ್ನಾಗಿದ್ದ ಬಾಕ್ಸ್ ಹಾಳಾಗುತ್ತದೆ, ಅಷ್ಟೆ. ಆ ಸ್ಕ್ರೂ ಕಟ್ಟಕಡೆಯಲ್ಲಿ ಮುಟ್ಟಬೇಕಾದದ್ದು, ಎಷ್ಟೋ ಕಾರುಗಳಲ್ಲಿ ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ಮೊದಲು ಅಳತೆ

ಕಾರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳನ್ನು ನೇರಕ್ಕೆ ತನ್ನಿ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಬೇಕು, ಏಕೆಂದರೆ ಅದರ ವಾಲ್ವ್‌ನೊಳಗಿನ ಟಾರ್ಷನ್ ಬಾರ್ ಎಂಜಿನ್ ನಿಂತಿದ್ದಾಗ ಒಂದಿಷ್ಟು ತಿರುಚಿಕೊಂಡು, ಇಲ್ಲದ ಆಟವನ್ನು ಇರುವಂತೆ ತೋರಿಸುತ್ತದೆ. ಸ್ಟೀರಿಂಗ್ ವೀಲ್‌ನ ಅಂಚಿಗೆ ಒಂದು ತುಂಡು ಟೇಪ್ ಅಂಟಿಸಿ, ಅದರ ಪಕ್ಕಕ್ಕೆ ಒಂದು ಅಳತೆಪಟ್ಟಿಯನ್ನು ಅಲುಗದಂತೆ ಹಿಡಿಯಿರಿ. ಬೆರಳ ತುದಿಯಿಂದ ಹಗುರವಾಗಿ ಎಡಕ್ಕೆ ತಿರುಗಿಸಿ, ಹೊರಗೆ ನಿಂತವರು ಟೈರ್ ಕದಲಿತು ಎಂದ ಕೂಡಲೇ ನಿಲ್ಲಿಸಿ. ಹಾಗೆಯೇ ಬಲಕ್ಕೂ ಮಾಡಿ. ಎರಡು ಗುರುತುಗಳ ನಡುವಿನ ದೂರವೇ ಒಟ್ಟು ಆಟ. ರ್ಯಾಕ್ ಅಂಡ್ ಪಿನಿಯನ್ (ಪಿನಿಯನ್ ಎಂಬ ಸಣ್ಣ ಗೇರ್, ರ್ಯಾಕ್ ಎಂಬ ಹಲ್ಲಿನ ಸರಳನ್ನು ಎಡಬಲಕ್ಕೆ ಸರಿಸುವ) ಮಾದರಿಯ ಹಲವು ಕಾರುಗಳ ಕೈಪಿಡಿಗಳು 30 ಮಿ.ಮೀ. ಅನ್ನು ಗರಿಷ್ಠ ಮಿತಿಯಾಗಿ ಕೊಡುತ್ತವೆ. ಸುಸ್ಥಿತಿಯಲ್ಲಿರುವ ರ್ಯಾಕ್ ಇದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಹಳೆಯ ಸ್ಟೀರಿಂಗ್ ಬಾಕ್ಸ್ ಮಾದರಿಗಳಲ್ಲಿ ಕೊಂಡಿಗಳ ಸಂಖ್ಯೆ ಹೆಚ್ಚಿರುವುದರಿಂದ ಮಿತಿಯೂ ಹೆಚ್ಚಿರುತ್ತದೆ. ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಪ್ರಮಾಣ.

ಈ ಅಳತೆಯನ್ನು ಬರೆದಿಟ್ಟುಕೊಳ್ಳಿ. ಒಂದೊಂದು ಭಾಗ ಬದಲಿಸಿದ ಮೇಲೂ ಮತ್ತೆ ಅಳೆದು ನೋಡಿದರೆ ಯಾವ ಭಾಗದಿಂದ ಎಷ್ಟು ಆಟ ಕಳೆಯಿತು ಎಂಬುದು ಸ್ಪಷ್ಟವಾಗುತ್ತದೆ.

ಸಣ್ಣ ಸವೆತವೊಂದು ಕೈಯಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಟೀರಿಂಗ್ ವೀಲ್‌ನ ವ್ಯಾಸ 380 ಮಿ.ಮೀ., ಸ್ಟೀರಿಂಗ್ ಅನುಪಾತ 18:1 (ಚಕ್ರ 1 ಡಿಗ್ರಿ ತಿರುಗಲು ಸ್ಟೀರಿಂಗ್ ವೀಲ್ 18 ಡಿಗ್ರಿ ತಿರುಗಬೇಕು), ಚಕ್ರದ ಬಳಿಯ ಸ್ಟೀರಿಂಗ್ ಆರ್ಮ್‌ನ ಉದ್ದ 130 ಮಿ.ಮೀ. ಎಂದಿಟ್ಟುಕೊಳ್ಳೋಣ. ಎರಡೂ ಚಕ್ರಗಳಿಗೆ ಸಂಬಂಧಿಸಿದ ನಡುವಿನ ರಾಡ್‌ನಲ್ಲಿ ಕೇವಲ 1 ಮಿ.ಮೀ. ಸಡಿಲಿದ್ದರೆ ಚಕ್ರದಲ್ಲಿ ಸುಮಾರು 0.44 ಡಿಗ್ರಿ, ಸ್ಟೀರಿಂಗ್ ವೀಲ್‌ನಲ್ಲಿ ಸುಮಾರು 8 ಡಿಗ್ರಿ, ಅಂದರೆ ಅಂಚಿನಲ್ಲಿ ಹೆಚ್ಚುಕಡಿಮೆ 26 ಮಿ.ಮೀ. ಆಟವಾಗುತ್ತದೆ. ಅದೇ 1 ಮಿ.ಮೀ. ಸಡಿಲು ಸ್ಟೀರಿಂಗ್ ವೀಲ್‌ನಿಂದ ಕೆಳಗಿಳಿಯುವ ಕಾಲಂನ ಕೆಳಗಿನ ಕಪ್ಲಿಂಗ್‌ನಲ್ಲಿ, ಶಾಫ್ಟ್‌ನ ಮಧ್ಯದಿಂದ 25 ಮಿ.ಮೀ. ದೂರದಲ್ಲಿದ್ದರೆ ಅಂಚಿನಲ್ಲಿ 8 ಮಿ.ಮೀ. ಕೂಡ ಆಗುವುದಿಲ್ಲ. ಗೇರ್‌ನಿಂದ ಚಕ್ರದ ಕಡೆಗಿರುವ ಭಾಗಗಳ ಸವೆತ ಅನುಪಾತದಷ್ಟು ಪಟ್ಟು ಹಿಗ್ಗಿ ಕೈಗೆ ತಲುಪುತ್ತದೆ. ಆದ್ದರಿಂದ ಅಲ್ಲಿ ಕಣ್ಣಿಗೆ ಕಾಣುವಷ್ಟು ಸಡಿಲಿದ್ದರೆ ಅದು ಸಣ್ಣದಲ್ಲ.

ಚಕ್ರಗಳು ನೆಲದ ಮೇಲಿರುವಾಗ

ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ಸುಳಿವು ಕೊಡುವ ಹಂತ ಇದು. ಇದಕ್ಕೆ ಬೇಕಾದದ್ದು ಒಬ್ಬ ಸಹಾಯಕ ಮತ್ತು ಒಂದು ಟಾರ್ಚ್ ಮಾತ್ರ. ಕಾರಿನ ಪೂರ್ಣ ಭಾರ ಚಕ್ರಗಳ ಮೇಲೆ ಇರಬೇಕು, ಏಕೆಂದರೆ ಟೈರ್ ನೆಲವನ್ನು ಹಿಡಿದು ಕೊಡುವ ಪ್ರತಿರೋಧವೇ ಸಡಿಲನ್ನು ಹೊರಗೆಡಹುತ್ತದೆ. ಪಿಟ್ ಅಥವಾ ಗಟ್ಟಿಮುಟ್ಟಾದ ರ‍್ಯಾಂಪ್ ಇದ್ದರೆ ಉತ್ತಮ. ಇಲ್ಲದಿದ್ದರೆ ಬಾನೆಟ್ ತೆರೆದು ಮೇಲಿನಿಂದಲೂ ಚಕ್ರದ ಹಿಂಬದಿಯಿಂದಲೂ ಕೈಹಾಕಿ ಬಹುಪಾಲು ಭಾಗಗಳನ್ನು ತಲುಪಬಹುದು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಒತ್ತುಗಲ್ಲು ಅಥವಾ ಮರದ ದಿಮ್ಮಿ ಕೊಟ್ಟಿರಬೇಕು. ಎಂಜಿನ್ ಚಾಲೂ ಇದ್ದರೆ ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಬೆಲ್ಟ್ ಮತ್ತು ಫ್ಯಾನ್‌ನ ಬಳಿ ಕೈ, ತೋಳಿನ ಬಟ್ಟೆ ಹೋಗಬಾರದು.

ಸಹಾಯಕ ಸ್ಟೀರಿಂಗ್ ವೀಲನ್ನು ಆಟದ ವ್ಯಾಪ್ತಿಗಿಂತ ತುಸುವೇ ಹೆಚ್ಚಾಗಿ, ಚುರುಕಾಗಿ, ಎಡ ಬಲ ಎಂದು ಅಲುಗಿಸುತ್ತಿರಲಿ. ಬಲವಾಗಿ ಎಳೆದು ಟೈರ್‌ಗಳನ್ನು ಪೂರ್ತಿ ತಿರುಗಿಸುವ ಅಗತ್ಯವಿಲ್ಲ. ಹಾಗೆ ಮಾಡಿದರೆ ಎಲ್ಲವೂ ಚಲಿಸಿ ಏನೂ ಗೊತ್ತಾಗುವುದಿಲ್ಲ. ನೀವು ಕಾಲಂನಿಂದ ಆರಂಭಿಸಿ ಒಂದೊಂದೇ ಕೊಂಡಿಯ ಮೇಲೆ ಕೈಯಿಟ್ಟು ಚಕ್ರದವರೆಗೆ ಹೋಗಬೇಕು. ಪ್ರತಿಯೊಂದು ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಈಚೆಯ ಭಾಗ ಚಲಿಸಿದ ಕ್ಷಣದಲ್ಲೇ ಆಚೆಯ ಭಾಗವೂ ಚಲಿಸಿತೆ? ಒಂದು ಚಲಿಸಿ ಇನ್ನೊಂದು ತಡವಾಗಿ ಎದ್ದರೆ ಆಟ ಅವೆರಡರ ನಡುವೆ ಇದೆ. ಒಂದು ಕಡೆ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬೇಡಿ. ಹಳೆಯ ಕಾರಿನ ಸಡಿಲು ಸಾಮಾನ್ಯವಾಗಿ ಮೂರು ನಾಲ್ಕು ಕಡೆಯ ಸಣ್ಣ ಸವೆತಗಳ ಮೊತ್ತ.

ಕಾಲಂನ ಕೆಳತುದಿಯಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ, ಅಥವಾ ಕ್ಯಾನ್ವಾಸ್ ಸೇರಿಸಿದ ರಬ್ಬರ್ ಡಿಸ್ಕ್‌ನ ಕಪ್ಲಿಂಗ್ ಇರುತ್ತದೆ. ರಬ್ಬರ್ ಡಿಸ್ಕ್‌ನ ಬೋಲ್ಟ್ ತೂತುಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿವೆಯೇ, ಅಂಚು ಬಿರುಕು ಬಿಟ್ಟಿದೆಯೇ, ಎಂಜಿನ್ ಎಣ್ಣೆ ಬಿದ್ದು ಮೆತ್ತಗಾಗಿದೆಯೇ ನೋಡಿ. ಶಾಫ್ಟನ್ನು ಬಿಗಿಹಿಡಿಯುವ ಪಿಂಚ್ ಬೋಲ್ಟ್ ಸಡಿಲವಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಅದನ್ನು ಬಿಗಿ ಮಾಡುವುದು ಖರ್ಚಿಲ್ಲದ ಕೆಲಸ, ಆದರೆ ಆ ಮೊದಲು ಒಳಗಿನ ಸ್ಪ್ಲೈನ್ (ಶಾಫ್ಟ್‌ನ ಉದ್ದಕ್ಕಿರುವ ಹಲ್ಲುಗಳು) ಸವೆದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸ್ಟೀರಿಂಗ್ ವೀಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಅದು ಅಲುಗಿದರೆ ಕಾಲಂನ ಬುಷ್ ಅಥವಾ ಬೇರಿಂಗ್ ಸವೆದಿದೆ ಎಂದರ್ಥ; ಅದು ಚಕ್ರಗಳ ಚಲನೆಯನ್ನು ಅಷ್ಟಾಗಿ ತಡಮಾಡದಿದ್ದರೂ ಕೈಗೆ ಸಡಿಲೆಂಬ ಭಾವ ಕೊಡುತ್ತದೆ.

ಮುಂದಿನದು ಗೇರ್. ರ್ಯಾಕ್ ಆಗಿದ್ದರೆ, ಒಳಗಿನ ಹಲ್ಲುಗಳ ಬಗ್ಗೆ ಯೋಚಿಸುವ ಮೊದಲು ಇಡೀ ರ್ಯಾಕ್‌ನ ಕವಚವೇ ತನ್ನ ಕ್ಲ್ಯಾಂಪ್‌ಗಳೊಳಗೆ ಅತ್ತಿತ್ತ ಜಾರುತ್ತಿದೆಯೇ ಎಂದು ನೋಡಿ. ಎಣ್ಣೆ ನೆನೆದ ಮೌಂಟಿಂಗ್ ಬುಷ್‌ಗಳು ಬಹಳ ಸಾಮಾನ್ಯವಾದ ಮತ್ತು ಬಹಳ ಸಲ ಕಣ್ತಪ್ಪುವ ಕಾರಣ. ಕಡಿಮೆ ಬೆಲೆಯ ಬುಷ್ ಬದಲಿಸಬೇಕಾದ ಕಡೆ ಪೂರ್ತಿ ರ್ಯಾಕ್ ಬದಲಿಸಿರುವ ಕಾರುಗಳು ಕಡಿಮೆಯೇನಲ್ಲ. ಸ್ಟೀರಿಂಗ್ ಬಾಕ್ಸ್ ಆಗಿದ್ದರೆ ಅದರ ಬೋಲ್ಟ್‌ಗಳನ್ನೂ ಅದು ಕೂತಿರುವ ಚಾಸಿಯ ಲೋಹವನ್ನೂ ಟಾರ್ಚ್ ಹಾಕಿ ಪರೀಕ್ಷಿಸಿ. ಬೋಲ್ಟ್‌ನ ತಲೆಯ ಸುತ್ತ ಕೆಂಪು ತುಕ್ಕಿನ ಹುಡಿ ಗೆರೆಯಂತೆ ಇಳಿದಿದ್ದರೆ ಅಲ್ಲಿ ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದು ತಿಳಿಯಬಹುದು. ಚಾಸಿ ಬಿರುಕು ಬಿಟ್ಟಿದ್ದರೆ ಆ ಕಾರನ್ನು ವೆಲ್ಡಿಂಗ್ ಆಗುವವರೆಗೆ ಓಡಿಸುವಂತಿಲ್ಲ. ಬಾಕ್ಸ್ ಭದ್ರವಾಗಿದ್ದು, ಒಳಹೋಗುವ ಶಾಫ್ಟ್ ತಿರುಗಿದರೂ ಕೆಳಗೆ ಬಾಕ್ಸ್‌ನಿಂದ ಹೊರಬಂದು ರಾಡ್‌ಗಳನ್ನು ಸರಿಸುವ ಪಿಟ್‌ಮನ್ ಆರ್ಮ್ ಕದಲದೆ ನಿಂತಿದ್ದರೆ ಮಾತ್ರ ಆಟ ಬಾಕ್ಸ್‌ನ ಒಳಗಿದೆ ಎನ್ನಬಹುದು. ಬಾಕ್ಸ್ ಇರುವ ಕಾರುಗಳಲ್ಲಿ ಎದುರು ಬದಿಯಲ್ಲಿ ನಡುವಿನ ರಾಡ್‌ನ ತುದಿಯನ್ನು ಹೊರುವ ಐಡ್ಲರ್ ಆರ್ಮನ್ನು ಮರೆಯಬಾರದು. ಅದು ಅಡ್ಡಕ್ಕೆ ತಿರುಗುವುದು ಸಹಜ. ಆದರೆ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಎತ್ತಿ ಒತ್ತಿದಾಗ ಅದರ ತುದಿ ಏರಿಳಿದರೆ ಒಳಗಿನ ಬುಷ್ ಸವೆದಿದೆ, ಮತ್ತು ಪ್ರತಿ ಉಬ್ಬಿನಲ್ಲೂ ಚಕ್ರಗಳ ದಿಕ್ಕು ತಾನಾಗಿ ಬದಲಾಗುತ್ತಿದೆ.

ಟೈ ರಾಡ್ ಎಂಡ್‌ಗಳ (ರಾಡ್‌ನ ತುದಿಯ ಗುಂಡು ಕೀಲುಗಳ) ಪರೀಕ್ಷೆಯಲ್ಲಿ ಕಣ್ಣಿಗಿಂತ ಬೆರಳನ್ನು ನಂಬುವುದು ಮೇಲು. ಹೆಬ್ಬೆರಳನ್ನು ಜಾಯಿಂಟ್‌ನ ಕವಚದ ಮೇಲೂ ತೋರುಬೆರಳನ್ನು ಅದು ಸೇರುವ ಸ್ಟೀರಿಂಗ್ ಆರ್ಮ್‌ನ ಮೇಲೂ ಒಟ್ಟಿಗೆ ತಾಗುವಂತೆ ಇಟ್ಟು, ಸಹಾಯಕನಿಗೆ ಅಲುಗಿಸಲು ಹೇಳಿ. ಜಾಯಿಂಟ್ ಚೆನ್ನಾಗಿದ್ದರೆ ಎರಡು ಬೆರಳುಗಳೂ ಒಂದೇ ವಸ್ತುವನ್ನು ಮುಟ್ಟಿದಂತೆ ಜೊತೆಯಾಗಿ ಸರಿಯುತ್ತವೆ. ಸವೆದಿದ್ದರೆ ಹೆಬ್ಬೆರಳು ಮೊದಲು ಸರಿದು, ದಿಕ್ಕು ಬದಲಾಗುವ ಕ್ಷಣದಲ್ಲಿ ಸಣ್ಣದೊಂದು ಟಕ್ಕೆಂಬ ಪೆಟ್ಟು ಬೆರಳಿಗೆ ತಾಗುತ್ತದೆ. ಆ ಸದ್ದು ಕಿವಿಗೆ ಕೇಳದಿದ್ದಾಗಲೂ ಬೆರಳಿಗೆ ತಿಳಿಯುತ್ತದೆ. ಇಲ್ಲಿ ಅನೇಕರನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ: ಟೈ ರಾಡನ್ನು ಹಿಡಿದು ಅದರ ಉದ್ದದ ಅಕ್ಷದ ಸುತ್ತ ತಿರುಚಿದರೆ ಅದು ಒಂದಷ್ಟು ಉರುಳುತ್ತದೆ, ಹೊಸ ಜಾಯಿಂಟ್‌ನಲ್ಲೂ ಉರುಳುತ್ತದೆ. ಅದು ದೋಷವಲ್ಲ. ರಾಡ್‌ನ ಉದ್ದಕ್ಕೆ ಅಥವಾ ಜಾಯಿಂಟ್‌ನಿಂದ ಹೊರಚಾಚಿದ ಬೋಲ್ಟ್‌ನಂಥ ಸ್ಟಡ್‌ನ ಅಡ್ಡಕ್ಕೆ ಕಾಣುವ ಸಡಿಲು ಮಾತ್ರ ದೋಷ.

ರ್ಯಾಕ್‌ನ ಒಳ ಜಾಯಿಂಟ್‌ಗಳು ಮಡಿಕೆಗಳಿರುವ ರಬ್ಬರ್ ಹೊದಿಕೆಯಾದ ಬೆಲ್ಲೋಸ್‌ನೊಳಗೆ ಅಡಗಿರುತ್ತವೆ. ಬೆಲ್ಲೋಸನ್ನು ಹೊರಗಿನಿಂದ ಹಿಸುಕಿ ಒಳಗಿನ ಗುಂಡನೆಯ ಭಾಗ ಕೈಗೆ ಸಿಗುವಂತೆ ಹಿಡಿದರೆ ಅದೇ ಪೆಟ್ಟನ್ನು ಅಲ್ಲೂ ಗುರುತಿಸಬಹುದು. ಬೆಲ್ಲೋಸ್ ಹರಿದಿದ್ದರೆ ನೀರು, ಮಣ್ಣು ಒಳಹೋಗಿ ಜಾಯಿಂಟ್ ಮಾತ್ರವಲ್ಲದೆ ರ್ಯಾಕ್‌ನ ಹಲ್ಲುಗಳೂ ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು.

ಜ್ಯಾಕ್ ಕೊಟ್ಟು ಎತ್ತಿದ ಮೇಲೆ

ಕಾರನ್ನು ಎತ್ತಿ ಆಕ್ಸಲ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಬರೀ ಜ್ಯಾಕ್‌ನ ಆಸರೆಯಲ್ಲಿರುವ ಕಾರಿನ ಚಕ್ರವನ್ನು ಹಿಡಿದು ಅಲುಗಿಸುವುದು ಅಪಾಯಕಾರಿ. ಗಡಿಯಾರದ ಮುಖದಂತೆ ಚಕ್ರವನ್ನು ಮೂರು ಮತ್ತು ಒಂಬತ್ತು ಗಂಟೆಯ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಆಟ ಸಿಕ್ಕರೆ ಕಾರಣ ಸ್ಟೀರಿಂಗ್ ಕೊಂಡಿಗಳಲ್ಲಿದೆ. ಹನ್ನೆರಡು ಮತ್ತು ಆರು ಗಂಟೆಯ ಜಾಗದಲ್ಲಿ ಸಿಕ್ಕರೆ ಬಾಲ್ ಜಾಯಿಂಟ್, ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕೀಲುಗಳು) ಅಥವಾ ವೀಲ್ ಬೇರಿಂಗ್ ಶಂಕಿತ. ಬೇರಿಂಗ್ ಸವೆದಿದ್ದರೆ ಸಾಮಾನ್ಯವಾಗಿ ಎಲ್ಲ ದಿಕ್ಕಿನಲ್ಲೂ ಸಿಗುತ್ತದೆ. ಬೇರಿಂಗನ್ನು ಉಳಿದವುಗಳಿಂದ ಬೇರ್ಪಡಿಸಲು ಒಂದು ಸುಲಭ ಉಪಾಯವಿದೆ: ಸಹಾಯಕ ಬ್ರೇಕ್ ಪೆಡಲ್ ಒತ್ತಿ ಹಿಡಿದಿರುವಾಗ ಮತ್ತೆ ಅಲುಗಿಸಿ. ಬ್ರೇಕ್ ಹಬ್ಬನ್ನು ಹಿಡಿದಿಡುವುದರಿಂದ ಬೇರಿಂಗ್‌ನ ಆಟ ಮಾಯವಾಗುತ್ತದೆ; ಆಟ ಹಾಗೆಯೇ ಉಳಿದರೆ ಅದು ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್‌ನದು.

ಬಾಲ್ ಜಾಯಿಂಟ್ ಪರೀಕ್ಷಿಸುವಾಗ ಜ್ಯಾಕನ್ನು ಎಲ್ಲಿ ಕೊಟ್ಟಿದ್ದೀರಿ ಎಂಬುದು ಮುಖ್ಯ. ಕಾಯಿಲ್ ಸ್ಪ್ರಿಂಗ್ ಕೆಳಗಿನ ಆರ್ಮ್‌ನ ಮೇಲೆ ಕೂತಿರುವ ಕಾರಿನಲ್ಲಿ ಜ್ಯಾಕನ್ನು ಆ ಆರ್ಮ್‌ನ ಅಡಿಗೇ, ಬಾಲ್ ಜಾಯಿಂಟ್‌ಗೆ ಆದಷ್ಟು ಹತ್ತಿರವಾಗಿ ಕೊಡಬೇಕು. ಇಲ್ಲದಿದ್ದರೆ ಸ್ಪ್ರಿಂಗ್‌ನ ಒತ್ತಡ ಜಾಯಿಂಟನ್ನು ಬಿಗಿಯಾಗಿ ಹಿಡಿದು ಸವೆತವನ್ನು ಮರೆಮಾಡುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಜೋಡಣೆ) ಇರುವ ಕಾರಿನಲ್ಲಿ ಬಾಡಿಯ ಅಡಿಗೆ ಆಸರೆ ಕೊಟ್ಟು ಚಕ್ರವನ್ನು ಇಳಿಬಿಟ್ಟು, ಆರ್ಮ್ ಮತ್ತು ಚಕ್ರವನ್ನು ಹೊತ್ತಿರುವ ನಕಲ್‌ನ ನಡುವೆ ಸಲಾಕೆ ತೂರಿಸಿ ಮೀಟಿ ನೋಡಬೇಕು.

ಆಟವಿಲ್ಲ, ಆದರೂ ಕಾರು ಅಲೆಯುತ್ತದೆ

ಮೇಲಿನ ಪರೀಕ್ಷೆಗಳಲ್ಲಿ ಏನೂ ಸಿಗದಿದ್ದರೆ ಮೊದಲು ಟೈರ್‌ನ ಗಾಳಿಯನ್ನು ನೋಡಿ. ಟೈರ್‌ಗಳು ಹಳತಾಗಿ ಪಕ್ಕದ ಗೋಡೆ ಬಿರುಕು ಬಿಟ್ಟಿದ್ದರೆ, ಅಥವಾ ಮುಂದಿನ ಎರಡು ಟೈರ್‌ಗಳು ಬೇರೆ ಬೇರೆ ಬಗೆಯವಾಗಿದ್ದರೆ ಕಾರಣ ಅಲ್ಲೇ ಮುಗಿಯಬಹುದು. ಚಕ್ರಗಳ ಮುಂಭಾಗ ಹೊರಕ್ಕೆ ತೆರೆದಿರುವ ಟೋ-ಔಟ್ ಸ್ಥಿತಿಯಲ್ಲಿ ಕಾರು ರಸ್ತೆಯ ಪ್ರತಿಯೊಂದು ಗೆರೆಯನ್ನೂ ಹಿಂಬಾಲಿಸುತ್ತದೆ, ಮತ್ತು ಕ್ಯಾಸ್ಟರ್ ಕೋನ (ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ) ಕಡಿಮೆಯಾಗಿದ್ದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣವನ್ನು ಕಳೆದುಕೊಳ್ಳುತ್ತದೆ. ಕೆಳ ಆರ್ಮ್‌ನ ಬುಷ್ ಹರಿದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೂ ಬ್ರೇಕ್ ಹಾಕಿದಾಗ ಇನ್ನೊಂದು ಕಡೆಗೂ ಕಾರು ಎಳೆಯುತ್ತದೆ. ಇದು ಸುಲಭವಾಗಿ ಗುರುತಿಸಬಹುದಾದ ಲಕ್ಷಣ. ಹಿಂಬದಿಯನ್ನೂ ಬಿಡಬೇಡಿ. ಹಿಂದಿನ ಆಕ್ಸಲ್‌ನ ಬುಷ್ ಸವೆದರೆ ಅಥವಾ ಲೀಫ್ ಸ್ಪ್ರಿಂಗ್‌ನ ಯು-ಬೋಲ್ಟ್ ಸಡಿಲಾದರೆ ಆಕ್ಸಲ್ ತಾನೇ ಕಾರನ್ನು ತಿರುಗಿಸತೊಡಗುತ್ತದೆ, ಆದರೆ ದೂರು ಮಾತ್ರ ಸ್ಟೀರಿಂಗ್‌ನ ಮೇಲೆ ಬರುತ್ತದೆ.

ಸರಿಪಡಿಸುವಾಗ

ಸವೆದ ಟೈ ರಾಡ್ ಎಂಡನ್ನು ಗ್ರೀಸ್ ತುಂಬಿ ಉಳಿಸಿಕೊಳ್ಳಲು ಆಗುವುದಿಲ್ಲ. ಗ್ರೀಸ್ ಒಂದಷ್ಟು ದಿನ ಸದ್ದನ್ನು ಮುಚ್ಚುತ್ತದೆ, ಸವೆತವನ್ನು ತುಂಬುವುದಿಲ್ಲ. ಬದಲಿಸುವ ಮೊದಲು ಲಾಕ್‌ನಟ್‌ನಿಂದ ಜಾಯಿಂಟ್‌ನ ಸ್ಟಡ್‌ನ ಮಧ್ಯದವರೆಗಿನ ದೂರವನ್ನು ಅಳೆದಿಡಿ, ಬಿಚ್ಚುವಾಗ ಸುತ್ತುಗಳನ್ನೂ ಎಣಿಸಿ. ಹೊಸದನ್ನು ಅಷ್ಟೇ ಸುತ್ತು ಹಾಕಿದರೆ ಅಲೈನ್‌ಮೆಂಟ್ ಕೇಂದ್ರದವರೆಗೆ ಹೋಗುವಷ್ಟು ನೇರವಂತೂ ಇರುತ್ತದೆ. ಕೆಲವು ಕಾರುಗಳಲ್ಲಿ ಒಂದು ಬದಿಯ ಥ್ರೆಡ್ (ಸ್ಕ್ರೂವಿನ ಸುರುಳಿ ಗೆರೆ) ಎಡಗೈ ಸುತ್ತಿನದಾಗಿರುತ್ತದೆ ಎಂಬುದು ನೆನಪಿರಲಿ. ಟೇಪರ್‌ನಲ್ಲಿ (ಕಿರಿದಾಗುತ್ತ ಹೋಗುವ ತೂತಿನಲ್ಲಿ) ಕಚ್ಚಿಕೊಂಡ ಸ್ಟಡ್ ಬಿಡಿಸಲು ಸ್ಪ್ಲಿಟರ್ ಎಂಬ ಉಪಕರಣ ಉತ್ತಮ. ಇಲ್ಲದಿದ್ದರೆ ಸ್ಟೀರಿಂಗ್ ಆರ್ಮ್‌ನ ಕಣ್ಣಿನ ಒಂದು ಬದಿಗೆ ಭಾರವಾದ ಸುತ್ತಿಗೆಯನ್ನು ಒತ್ತಾಗಿ ಹಿಡಿದು ಎದುರು ಬದಿಗೆ ಇನ್ನೊಂದರಿಂದ ಹೊಡೆಯಬೇಕು. ಸ್ಟಡ್‌ನ ತಲೆಗೆ ಹೊಡೆದರೆ ಥ್ರೆಡ್ ಕೆಡುತ್ತದೆ, ಜಾಯಿಂಟ್ ಮಾತ್ರ ಬಿಡುವುದಿಲ್ಲ. ಜೋಡಿಸುವಾಗ ನಟ್ಟನ್ನು ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿದ ಮೇಲೆ ಸ್ಪ್ಲಿಟ್ ಪಿನ್‌ನ ತೂತು ಹೊಂದದಿದ್ದರೆ ನಟ್ಟನ್ನು ಮುಂದಿನ ಕಂಡಿಯವರೆಗೆ ಬಿಗಿ ಮಾಡಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಆಗಲಿ ನೈಲಾನ್ ಬಳೆಯ ನಟ್ ಆಗಲಿ ಹೊಸದೇ ಇರಬೇಕು.

ರ್ಯಾಕ್‌ನಲ್ಲಿ, ರ್ಯಾಕ್ ಬಾರನ್ನು ಪಿನಿಯನ್ ಕಡೆಗೆ ಒತ್ತಿ ಹಿಡಿಯುವ ಸ್ಪ್ರಿಂಗ್ ಸಹಿತ ಪ್ಲಂಜರ್ ಒಂದಿರುತ್ತದೆ. ಅದನ್ನು ನಿಗದಿತ ಟಾರ್ಕ್‌ಗೆ ಬಿಗಿ ಮಾಡಿ, ಕೈಪಿಡಿ ಹೇಳಿದಷ್ಟು ಕೋನ ಹಿಂದಕ್ಕೆ ತಿರುಗಿಸಿ ಲಾಕ್ ಮಾಡುವುದು ಕ್ರಮ. ತೊಂದರೆಯೆಂದರೆ, ಕಾರು ಹೆಚ್ಚಿನ ಹೊತ್ತು ನೇರ ಓಡುವುದರಿಂದ ರ್ಯಾಕ್ ನಡುವಿನ ಹಲ್ಲುಗಳಲ್ಲೇ ಹೆಚ್ಚು ಸವೆದಿರುತ್ತದೆ. ನಡುವಿನ ಸಡಿಲು ಹೋಗುವಷ್ಟು ಬಿಗಿ ಮಾಡಿದರೆ ಎರಡು ಕೊನೆಗಳ ಕಡೆಗೆ ತಿರುಗಿಸಿದಾಗ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದರೆ ಆ ರ್ಯಾಕ್‌ನ ಆಯುಷ್ಯ ಮುಗಿದಿದೆ. ಅದನ್ನು ಬದಲಿಸಬೇಕು ಅಥವಾ ಪೂರ್ತಿ ರೀಕಂಡೀಷನ್ ಮಾಡಿಸಬೇಕು.

ಉಳಿದೆಲ್ಲ ಕೊಂಡಿಗಳು ಸರಿಯಾದ ಮೇಲೂ ಮಿತಿ ಮೀರಿದ ಆಟ ಉಳಿದಿದ್ದರೆ ಈಗ ಸ್ಟೀರಿಂಗ್ ಬಾಕ್ಸ್‌ನ ಸರದಿ. ಮೊದಲು ಎಣ್ಣೆ ಇದೆಯೇ ನೋಡಿ. ಹಲವು ಹಳೆಯ ಮ್ಯಾನುಯಲ್ ಬಾಕ್ಸ್‌ಗಳಿಗೆ ಇಪಿ 90 ಗೇರ್ ಆಯಿಲ್ ಬೇಕು, ಮತ್ತು ಸೀಲ್ ಸೋರಿ ಅವು ಒಣಗಿರುವುದು ಸಾಮಾನ್ಯ. ಪಿಟ್‌ಮನ್ ಆರ್ಮ್‌ನಿಂದ ರಾಡ್‌ಗಳನ್ನು ಬಿಡಿಸಿ, ಸ್ಟೀರಿಂಗ್ ವೀಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಮೆಲ್ಲಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಸರಿಯಾಗಿ ಅರ್ಧಕ್ಕೆ ತನ್ನಿ. ಈ ಬಾಕ್ಸ್‌ಗಳನ್ನು ನಡುವಿನಲ್ಲಿ ಹಲ್ಲುಗಳು ಅತಿ ಬಿಗಿಯಾಗಿ ಕೂಡುವಂತೆ ಮಾಡಿರುತ್ತಾರೆ, ಆದ್ದರಿಂದ ಹೊಂದಾಣಿಕೆ ನಡುವಿನ ಸ್ಥಾನದಲ್ಲೇ ಆಗಬೇಕು. ಬೇರೆ ಸ್ಥಾನದಲ್ಲಿ ಆಟ ತೆಗೆದರೆ ನಡುವಿಗೆ ಬಂದಾಗ ಗೇರ್‌ಗಳು ಒಂದನ್ನೊಂದು ಅರೆಯುತ್ತವೆ. ಒಳಬರುವ ಶಾಫ್ಟ್‌ನ ತುದಿಯ ವರ್ಮ್ ಗೇರ್‌ನ ಬೇರಿಂಗ್‌ಗಳ ಪ್ರಿಲೋಡ್ (ಮುಂಚಿತವಾಗಿ ಕೊಡುವ ಬಿಗಿತ) ಮೊದಲು, ಪಿಟ್‌ಮನ್ ಆರ್ಮನ್ನು ತಿರುಗಿಸುವ ಸೆಕ್ಟರ್ ಶಾಫ್ಟ್‌ನ ಸ್ಕ್ರೂ ಆಮೇಲೆ. ಲಾಕ್‌ನಟ್ ಸಡಿಲಿಸಿ, ಸ್ಕ್ರೂವನ್ನು ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಮಾತ್ರ ಬಿಗಿ ಮಾಡಿ, ಸ್ಟೀರಿಂಗನ್ನು ನಡುವಿನ ಮೂಲಕ ಎರಡೂ ಕಡೆಗೆ ಹಾಯಿಸಿ ನೋಡಿ. ನಡುವಿನಲ್ಲಿ ಹಗುರವಾದ ತಡೆಯೊಂದು ಕೈಗೆ ತಿಳಿದ ಕೂಡಲೇ ನಿಲ್ಲಿಸಿ, ಸ್ಪ್ರಿಂಗ್ ತಕ್ಕಡಿಯನ್ನು ಅಂಚಿಗೆ ಸಿಕ್ಕಿಸಿ ಎಳೆದು ಬರುವ ಅಂಕಿಯನ್ನು ಕೈಪಿಡಿಯೊಂದಿಗೆ ಹೋಲಿಸಿ. ಲಾಕ್‌ನಟ್ ಬಿಗಿ ಮಾಡುವಾಗ ಸ್ಕ್ರೂ ತಿರುಗದಂತೆ ಹಿಡಿದಿರಬೇಕು.

ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ರ್ಯಾಕ್ ಅಥವಾ ಕಾಲಂ ಬಿಚ್ಚಿದಾಗ ಸ್ಟೀರಿಂಗ್ ವೀಲನ್ನು ನೇರದಲ್ಲಿ ಕಟ್ಟಿಹಾಕಿ. ಅದು ಬಿಡುವಾಗಿ ಸುತ್ತಿದರೆ ಒಳಗಿನ ಕ್ಲಾಕ್ ಸ್ಪ್ರಿಂಗ್‌ನ, ವಿದ್ಯುತ್ ಸಾಗಿಸುವ ತೆಳು ಪಟ್ಟಿ ಹರಿದು ಏರ್‌ಬ್ಯಾಗ್ ಮತ್ತು ಹಾರ್ನ್ ಎರಡೂ ನಿಲ್ಲುತ್ತವೆ. ಸ್ಟೀರಿಂಗ್ ವೀಲನ್ನೇ ತೆಗೆಯುವುದಾದರೆ ಬ್ಯಾಟರಿ ಬಿಚ್ಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯುವುದು ಕಡ್ಡಾಯ.

ಯಾವುದೇ ಜಾಯಿಂಟ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು. ಆಗ ಸ್ಟೀರಿಂಗ್ ವೀಲ್ ಓರೆಯಾಗಿ ಕೂತಿದ್ದರೆ, ಅದನ್ನು ಸ್ಪ್ಲೈನ್‌ನಿಂದ ಕಿತ್ತು ನೇರಕ್ಕೆ ಕೂರಿಸುವ ಅಡ್ಡದಾರಿಗೆ ಒಪ್ಪಬೇಡಿ. ಎರಡು ಬದಿಯ ಟೈ ರಾಡ್‌ಗಳ ಉದ್ದವನ್ನು ಒಂದನ್ನು ಹಿಗ್ಗಿಸಿ ಇನ್ನೊಂದನ್ನು ಅಷ್ಟೇ ಕುಗ್ಗಿಸಿ ಸರಿದೂಗಿಸಲು ಹೇಳಿ. ಹಾಗೆ ಮಾಡಿದರೆ ಮಾತ್ರ ಕಾರು ನೇರ ಹೋಗುವಾಗ ಬಾಕ್ಸ್ ಕೂಡ ತನ್ನ ಬಿಗಿಯಾದ ನಡುವಿನಲ್ಲಿರುತ್ತದೆ. ಇಲ್ಲದಿದ್ದರೆ ಎಲ್ಲ ಭಾಗ ಹೊಸದಾದ ಮೇಲೂ ನೇರ ರಸ್ತೆಯಲ್ಲಿ ಆಟ ಉಳಿದೇ ಇರುತ್ತದೆ.

ಕೊನೆಯ ಪರೀಕ್ಷೆಯನ್ನು ಖಾಲಿ ಜಾಗದಲ್ಲಿ, ನಿಧಾನ ವೇಗದಲ್ಲಿ ಮಾಡಿ. ತಿರುವಿನಿಂದ ಹೊರಬರುವಾಗ ಹಿಡಿತವನ್ನು ತುಸು ಸಡಿಲಿಸಿದರೆ ಸ್ಟೀರಿಂಗ್ ತಾನಾಗಿ ನೇರದ ಕಡೆಗೆ ಮರಳಬೇಕು. ಮರಳದೆ ತಿರುಗಿಸಿದಲ್ಲೇ ನಿಂತರೆ ಬಾಕ್ಸ್ ಅಥವಾ ರ್ಯಾಕ್‌ನ ಹೊಂದಾಣಿಕೆ ಅತಿ ಬಿಗಿಯಾಗಿರುವ ಸಾಧ್ಯತೆ ಹೆಚ್ಚು. ಮುಂದಕ್ಕೆ ಓಡಿಸದೆ ಅಲ್ಲೇ ಸಡಿಲಿಸಿ, ಮತ್ತೆ ಅಳೆಯಿರಿ.